ರಂಗದ ಬಾಗಿಲಲ್ಲಿ ನಿಂತ ಕಾರು

ಕಲಾವಿದರನ್ನು ಊರಿನಿಂದ ಹೊರಹಾಕಬೇಕೆಂದು ನಗರಸಭೆಗಳು ಸಾಮಾನ್ಯವಾಗಿ ಠರಾವು ಮಾಡುವುದಿಲ್ಲ. ಅದರ ಅಗತ್ಯವೂ ಬೀಳುವುದಿಲ್ಲ. ಯಾವ ಬೀದಿಯಲ್ಲಿ ಏನು ನಡೆಯಬಹುದು, ಅಲ್ಲಿಗೆ ಬರುವವರ ವಾಹನ ಎಲ್ಲಿ ನಿಲ್ಲಬೇಕು ಎಂಬ ಎರಡು ನಿಯಮಗಳೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ಕಳೆದ ನೂರು ವರ್ಷಗಳ ನಗರಗಳ ಚರಿತ್ರೆಯಲ್ಲಿ ಇದಕ್ಕೆ ಸಾಕಷ್ಟು ಸಾಕ್ಷ್ಯವಿದೆ.

ನ್ಯೂಯಾರ್ಕ್ 1916ರಲ್ಲಿ ಇಡೀ ನಗರವನ್ನು ವಸತಿ, ವ್ಯಾಪಾರ ಮುಂತಾದ ವಲಯಗಳಾಗಿ ವಿಂಗಡಿಸುವ ಕಾನೂನು ಮಾಡಿತು. 1926ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂತಹ ವಲಯ ವಿಂಗಡಣೆಯನ್ನು ಎತ್ತಿ ಹಿಡಿಯಿತು. ಕಾರ್ಖಾನೆಯ ಹೊಗೆ ಮನೆಯ ಕಿಟಕಿಗೆ ಬಡಿಯಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ವಿಂಗಡಿಸುವ ಅಧಿಕಾರ ಕೈಗೆ ಬಂದಮೇಲೆ ಅದು ಹೊಗೆಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ.

ಅದೇ 1926ರಲ್ಲಿ ನ್ಯೂಯಾರ್ಕ್ 'ಕ್ಯಾಬರೆ ಕಾನೂನು' ತಂದಿತು. ಸಾರ್ವಜನಿಕರು ಸೇರುವ ಹೋಟೆಲು, ಕ್ಲಬ್ಬುಗಳಲ್ಲಿ ಸಂಗೀತ, ನೃತ್ಯ ನಡೆಯಬೇಕಾದರೆ ಪ್ರತ್ಯೇಕ ಪರವಾನಗಿ ಬೇಕು ಎಂಬುದು ಅದರ ಸಾರ. ಹಾರ್ಲೆಮ್‌ನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಜಾಝ್ ಕೇಳುತ್ತಿದ್ದ ಕಾಲವದು. ಕಾನೂನಿನ ಕಣ್ಣು ಆ ಕ್ಲಬ್ಬುಗಳ ಮೇಲೆಯೇ ಇತ್ತೆಂದು ಅನೇಕ ಇತಿಹಾಸಕಾರರು ಹೇಳಿದ್ದಾರೆ. ಮುಂದೆ ಪರವಾನಗಿಯಿಲ್ಲದ ಜಾಗಗಳಿಗೆ ಒಂದಿಷ್ಟು ರಿಯಾಯಿತಿ ಸಿಕ್ಕಿತು. ಪಿಯಾನೊ, ತಂತಿವಾದ್ಯಗಳಂಥವು ಇರಬಹುದು, ವಾದಕರು ಮೂವರನ್ನು ಮೀರಬಾರದು, ಡ್ರಮ್ಮು, ತುತ್ತೂರಿಗಳು ಮಾತ್ರ ಕೂಡದು! ಜಾಝ್‌ನ ಜೀವವೇ ಡ್ರಮ್ಮು, ತುತ್ತೂರಿಗಳಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1940ರಿಂದ 1967ರವರೆಗೆ ಕ್ಲಬ್ಬುಗಳಲ್ಲಿ ದುಡಿಯುವ ಕಲಾವಿದರೂ ಪೊಲೀಸರಿಂದ ಗುರುತಿನ ಕಾರ್ಡು ಪಡೆಯಬೇಕಿತ್ತು. 1947ರಲ್ಲಿ ಬಿಲ್ಲಿ ಹಾಲಿಡೇ ಎಂಬ ಮಹಾನ್ ಗಾಯಕಿಯ ಕಾರ್ಡು ಹೋಯಿತು. 1951ರಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ರ ಕಾರ್ಡೂ ಹೋಗಿ, ವರ್ಷಗಟ್ಟಲೆ ತಮ್ಮದೇ ಊರಿನ ಕ್ಲಬ್ಬುಗಳು ಅವರಿಗೆ ಮುಚ್ಚಿದವು.

ಮೂವರು ವಾದಕರ ಮಿತಿಯನ್ನು ನ್ಯಾಯಾಲಯ 1988ರಲ್ಲಿ ತಳ್ಳಿಹಾಕಿತು. ನೃತ್ಯದ ಪರವಾನಗಿ ಉಳಿಯಿತು. ನಿಗದಿತ ವಲಯಗಳಲ್ಲಷ್ಟೇ ಅದು ಸಿಗುತ್ತಿದ್ದುದರಿಂದ ಸಣ್ಣ ಜಾಗಗಳವರಿಗೆ ಅರ್ಜಿ ಹಾಕುವ ದಾರಿಯೇ ಇರಲಿಲ್ಲ. 2017ರಲ್ಲಿ ಕಾನೂನು ರದ್ದಾದಾಗ ಅಷ್ಟು ದೊಡ್ಡ ನಗರದಲ್ಲಿ ಪರವಾನಗಿ ಇದ್ದದ್ದು ನೂರಕ್ಕೂ ಕಡಿಮೆ ಜಾಗಗಳಿಗೆ. ಗಮನಿಸಬೇಕಾದದ್ದು ಏನೆಂದರೆ, ಕಾನೂನು ಹೋದರೂ ವಲಯದ ನಿರ್ಬಂಧ ಹೋಗಲಿಲ್ಲ. ಅದು ಸಡಿಲಗೊಂಡದ್ದು 2024ರಲ್ಲಿ.

ವಾಹನದ ಕಥೆ ಇನ್ನೂ ವಿಚಿತ್ರ. ಹೊಸ ಕಟ್ಟಡ ಕಟ್ಟುವವರು ಇಂತಿಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂಬ ನಿಯಮ 1923ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ವಸತಿ ಸಮುಚ್ಚಯಗಳಿಗಾಗಿ ಹುಟ್ಟಿ, ಕ್ರಮೇಣ ಎಲ್ಲ ಬಗೆಯ ಕಟ್ಟಡಗಳಿಗೂ ಹಬ್ಬಿತು. ಒಂದು ಲೆಕ್ಕ ನೋಡೋಣ. ನಾಲ್ಕು ಆಸನಕ್ಕೆ ಒಂದು ಕಾರು ಎಂದಿಟ್ಟುಕೊಂಡರೆ ನೂರು ಆಸನದ ರಂಗಮಂದಿರಕ್ಕೆ 25 ಕಾರುಗಳ ಜಾಗ ಬೇಕು. ತಿರುಗುವ ದಾರಿ ಸೇರಿ ಒಂದು ಕಾರಿಗೆ ಸುಮಾರು 300 ಚದರಡಿಯಾದರೆ ಒಟ್ಟು 7,500 ಚದರಡಿ. ನಾಟಕಕ್ಕಿಂತ ಕಾರಿಗೇ ಹೆಚ್ಚು ನೆಲ! ಹಳೆಯ ಗೋದಾಮನ್ನೋ ಅಂಗಡಿಯನ್ನೋ ರಂಗಮಂದಿರ ಮಾಡಹೊರಟರೆ ಅನೇಕ ನಗರಗಳಲ್ಲಿ ಅದು 'ಬಳಕೆಯ ಬದಲಾವಣೆ' ಎನಿಸಿಕೊಳ್ಳುತ್ತದೆ. ಆಗ ಹೊಸ ಕಟ್ಟಡದ ಪಾರ್ಕಿಂಗ್ ನಿಯಮವೇ ಹಳೆಯ ಗೋಡೆಗೂ ಅನ್ವಯ. ಸುತ್ತ ಗೇಣು ನೆಲವಿಲ್ಲದ ಬಾಡಿಗೆದಾರ ಅದನ್ನು ಎಲ್ಲಿಂದ ತಂದಾನು?

ದೊಡ್ಡವರಿಗೂ ಈ ಭಾರ ತಪ್ಪಿದ್ದಲ್ಲ. ಲಾಸ್ ಏಂಜಲೀಸ್‌ನ ವಾಲ್ಟ್ ಡಿಸ್ನಿ ಸಂಗೀತ ಮಂದಿರಕ್ಕೆ ಮೊದಲು ಆಗಿದ್ದು 2,188 ಕಾರುಗಳ ನೆಲಮಾಳಿಗೆ. ಅದಕ್ಕೆ ತಗುಲಿದ್ದು 11 ಕೋಟಿ ಡಾಲರ್. ಗ್ಯಾರೇಜು 1996ರಲ್ಲಿ ಸಿದ್ಧವಾಯಿತು, ಸಂಗೀತ ಕೇಳಿಸಿದ್ದು 2003ರಲ್ಲಿ. ಗ್ಯಾರೇಜಿನ ಸಾಲ ತೀರಿಸಲು ಚಳಿಗಾಲದ ಋತುವಿನಲ್ಲಿ ಕನಿಷ್ಠ 128 ಕಾರ್ಯಕ್ರಮ ನಡೆಸಬೇಕೆಂಬ ಷರತ್ತೂ ಬಂತು. ಇದನ್ನು ಎತ್ತಿ ತೋರಿಸಿದವರು 2005ರಲ್ಲಿ ಪಾರ್ಕಿಂಗ್ ಕುರಿತು ಬೃಹತ್ ಗ್ರಂಥ ಬರೆದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. ಸ್ಯಾನ್‌ಫ್ರಾನ್ಸಿಸ್ಕೊದ ಡೇವೀಸ್ ಸಂಗೀತ ಮಂದಿರ 1980ರಲ್ಲಿ ತೆರೆದದ್ದು ಗ್ಯಾರೇಜಿಲ್ಲದೆ. ಅಲ್ಲಿ ಕಛೇರಿ ಮುಗಿಸಿದ ಜನ ಬೀದಿಗಿಳಿದು ಹೋಟೆಲು, ಪುಸ್ತಕದಂಗಡಿಗಳ ಮುಂದೆ ನಡೆಯುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಅನೇಕರು ನೆಲಮಾಳಿಗೆಯಿಂದ ಬಂದು ನೆಲಮಾಳಿಗೆಗೇ ಇಳಿಯುತ್ತಾರೆ. ಅವರಿಗೆ ಊರು ಸಿಗುವುದೇ ಇಲ್ಲ. ಬಫೆಲೊ ನಗರ 2017ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ 2018ರಲ್ಲಿ ಕಡ್ಡಾಯ ಪಾರ್ಕಿಂಗನ್ನೇ ಕೈಬಿಟ್ಟವು.

ಹಾಗಾದರೆ ನಿಯಮಗಳೇ ಬೇಡವೆ? ಹಾಗೆನ್ನುವುದು ಅವಿವೇಕ. 2016ರ ಡಿಸೆಂಬರಿನಲ್ಲಿ ಓಕ್ಲೆಂಡ್‌ನ 'ಘೋಸ್ಟ್ ಶಿಪ್' ಎಂಬ ಗೋದಾಮಿನಲ್ಲಿ ಸಂಗೀತ ನಡೆಯುತ್ತಿದ್ದಾಗ ಬೆಂಕಿ ಬಿದ್ದು 36 ಜನ ಸತ್ತರು. ಅದು ಜನ ಸೇರಲು ಅನುಮತಿಯಿಲ್ಲದ ಕಟ್ಟಡ. ನಮ್ಮ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜೀವಗಳು ಹೋದವು. ಅಲ್ಲಿ ಬೆಂಕಿ ಹಬ್ಬಿದ್ದು ಟ್ರಾನ್ಸ್‌ಫಾರ್ಮರ್ ಪಕ್ಕ ಕಾರು ನಿಲ್ಲಿಸುತ್ತಿದ್ದ ಜಾಗದಿಂದ. ಹೆಚ್ಚುವರಿ ಕುರ್ಚಿಗಳು ಹೊರದಾರಿಗೆ ಅಡ್ಡವಾಗಿದ್ದವು. ಹೊರಬಾಗಿಲಿನ ನಿಯಮ ಜೀವ ಉಳಿಸುತ್ತದೆ, ಅದರಲ್ಲಿ ರಾಜಿ ಸಲ್ಲದು. ಕಾರಿನ ಲೆಕ್ಕ ಜೀವ ಉಳಿಸುವುದಿಲ್ಲ. ಇವೆರಡನ್ನೂ ಒಂದೇ ಕಡತದಲ್ಲಿಟ್ಟು ಎಲ್ಲಕ್ಕೂ ಸುರಕ್ಷತೆಯ ಹೆಸರು ಹೇಳುವುದರಲ್ಲಿದೆ ತೊಡಕು. ಕಾನೂನಿನ ಬಾಗಿಲು ತೀರಾ ಇಕ್ಕಟ್ಟಾದರೆ ಬಡ ಕಲಾವಿದರು ಓಕ್ಲೆಂಡಿನಂತಹ ಗೋದಾಮುಗಳಿಗೇ ನುಗ್ಗುತ್ತಾರೆ.

ನೆರೆಯವರ ನಿದ್ದೆಯೂ ನಿಜವಾದ ಹಕ್ಕು. ಅದಕ್ಕೆ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 2014ರಲ್ಲಿ ಒಂದು ನ್ಯಾಯ ಕಂಡುಕೊಂಡಿತು. ಮೊದಲೇ ಇದ್ದ ಸಂಗೀತದ ಜಾಗದ ಪಕ್ಕ ಹೊಸದಾಗಿ ವಸತಿ ಕಟ್ಟುವವರು ಸದ್ದು ತಡೆಯುವ ಖರ್ಚು ತಾವೇ ಹೊರಬೇಕು. ಹೊಸದಾಗಿ ಬರುವುದು ಸಂಗೀತದ ಜಾಗವಾದರೆ ಖರ್ಚು ಅದರದು. 2018ರಲ್ಲಿ ಇಂಗ್ಲೆಂಡ್ ಕೂಡ ತನ್ನ ಯೋಜನಾ ನೀತಿಯಲ್ಲಿ ಈ ತತ್ವವನ್ನು ಸೇರಿಸಿತು.

ಬೆಂಗಳೂರಿಗೂ ಈ ಚರಿತ್ರೆಗೂ ನೇರ ನಂಟಿದೆ. 2005ರಲ್ಲಿ ಇಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸುವ ಆದೇಶ ಬಂತು. ಲೈವ್ ಬ್ಯಾಂಡ್, ಡಿಸ್ಕೊಥೆಕ್‌ಗಳ ಜೊತೆಗೆ ನ್ಯೂಯಾರ್ಕಿನ ಆ ಹಳೆಯ 'ಕ್ಯಾಬರೆ' ಪದವೂ ಅದರಲ್ಲಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆ ವರ್ಷ ಇಂದಿರಾನಗರದಂತಹ ಬಡಾವಣೆಗಳ ಅನೇಕ ಕಡೆ ಗಿಟಾರ್ ಹಿಡಿದು ಹಾಡುವವರೂ ಸುಮ್ಮನಾದರು. ಸದ್ದಿನಿಂದ, ರಸ್ತೆ ತುಂಬ ನಿಂತ ವಾಹನಗಳಿಂದ ಬೇಸತ್ತಿದ್ದ ನಿವಾಸಿಗಳ ದೂರು ಸುಳ್ಳಾಗಿರಲಿಲ್ಲ. ಆದರೆ ಕುಣಿತದ ಬಾರಿಗೂ ಸಣ್ಣ ವೇದಿಕೆಯ ಹಾಡಿಗೂ ಒಂದೇ ಅಳತೆಗೋಲು ಹಿಡಿದಾಗ ಸೋತದ್ದು ಸಣ್ಣ ವೇದಿಕೆ.

ನಮ್ಮ ಯಕ್ಷಗಾನ ಕೊಯ್ಲಾದ ಗದ್ದೆಯಲ್ಲಿ ನಡೆಯಿತು, ಕವ್ವಾಲಿ ದರ್ಗಾದ ಅಂಗಳದಲ್ಲಿ, ಮುಶಾಯಿರಾ ಮೊಹಲ್ಲಾದ ಚೌಕದಲ್ಲಿ. ಜನ ನಡೆದೇ ಬರುತ್ತಿದ್ದರು. ಗದ್ದೆ ಸೈಟಾಗಿ, ಚೌಕ ರಸ್ತೆಯಾದ ಮೇಲೆ ಆ ಕೂಟಗಳಿಗೆ ಉಳಿದಿರುವುದು ಬಾಡಿಗೆಯ ಕೋಣೆ, ಯಾವುದೋ ಮಹಡಿ. ನಗರದ ಕರಡು ನಕ್ಷೆಗೆ ಆಕ್ಷೇಪಣೆ ಕರೆದಾಗ ಬಿಲ್ಡರುಗಳು ತಪ್ಪದೆ ಹೋಗುತ್ತಾರೆ. ಕವಿಗಳೂ ನಾಟಕದವರೂ ಒಂದು ಅರ್ಜಿ ಹಿಡಿದು ಹೋಗಬೇಕು. ಕಾರಿಗೆ ಎಷ್ಟು ಜಾಗ ಎಂದು ಬರೆದಿರುವ ಆ ಕಡತದಲ್ಲಿ, ನೂರು ಜನ ಕುಳಿತು ಕೇಳಲು ಎಷ್ಟು ಜಾಗ ಎಂದೂ ಬರೆಸಬೇಕು.