ವೇಷ ಹಳೆಯದು, ಗಾಳ ಹೊಸದು

ಬೀದರಿನ ಗಾಂಧಿ ಗಂಜ ಧಾನ್ಯದ ಪೇಟೆ. ಇಂಥ ಪೇಟೆಗಳಲ್ಲಿ ವ್ಯಾಪಾರ ನಡೆದುಬಂದದ್ದು ಮುಖಪರಿಚಯದ ಬಲದ ಮೇಲೆ. ನಮ್ಮ ವರ್ತಕರು ಹಿಂದೆ ಬಳಸುತ್ತಿದ್ದ ಹುಂಡಿಗಳಲ್ಲಿ ‘ಶಾಹಜೋಗ್’ ಎಂಬುದೊಂದು ಬಗೆ. ಅದರ ಹಣವನ್ನು ಕಾಗದ ತಂದವರಿಗೆಲ್ಲ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಹೆಸರುಳ್ಳ ಸಾಹುಕಾರನಿಗಷ್ಟೇ ಕೊಡಬೇಕಾಗಿತ್ತು. ಕದ್ದ ಹುಂಡಿ ಹಿಡಿದು ಬಂದವನನ್ನು ತಡೆಯಲು ವರ್ತಕರೇ ಮಾಡಿಕೊಂಡ ಕಟ್ಟುಪಾಡು ಇದು.

ಇಂದು ತಂದೆಯ ಮೊಬೈಲಿನಲ್ಲಿ ಆಟವಾಡುವ ಹುಡುಗನಿಗೆ ಆ ರಕ್ಷಣೆ ಇಲ್ಲ. ‘ನಾನು ಆಟದ ಕಂಪನಿಯವನು, ಉಚಿತವಾಗಿ ನಾಣ್ಯ ಕೊಡುತ್ತೇನೆ’ ಎಂಬ ಸಂದೇಶ ಬರುತ್ತದೆ. ಅದರೊಡನೆ ಬಂದ ಕೊಂಡಿಯನ್ನು ಒತ್ತಿದರೆ ಅಸಲಿಯಂತೆಯೇ ಕಾಣುವ ನಕಲಿ ಪುಟ. ಅಲ್ಲಿ ಪಾಸ್‌ವರ್ಡ್ ಬರೆದರೆ ಖಾತೆ ವಂಚಕನ ಪಾಲು. ಮುಂದೆ ಅದೇ ಖಾತೆಯಿಂದ, ಅದೇ ಹುಡುಗನ ಹೆಸರಿನಲ್ಲಿ, ಅವನ ಗೆಳೆಯರಿಗೂ ಗಾಳ. ಓಟಿಪಿಯನ್ನೂ ಹೇಳಿಬಿಟ್ಟರೆ ತಂದೆಯ ಬ್ಯಾಂಕಿನ ಹಣಕ್ಕೂ ಕುತ್ತು.

ಈ ಮೋಸಕ್ಕೆ ಇಂಗ್ಲಿಷಿನಲ್ಲಿ ‘ಫಿಶಿಂಗ್’ ಎಂದು ಹೆಸರು. ಮೀನು ಹಿಡಿಯುವುದೆಂಬ ಪದದ ಕಾಗುಣಿತ ತಿರುಚಿ ಮಾಡಿದ ಮಾತು ಅದು. 1990ರ ದಶಕದ ನಡುವೆ ಅಮೆರಿಕ ಆನ್‌ಲೈನ್ ಸಂಸ್ಥೆಯ ಸಿಬ್ಬಂದಿಯಂತೆ ನಟಿಸಿ ಚಂದಾದಾರರ ಪಾಸ್‌ವರ್ಡ್ ಕೇಳುತ್ತಿದ್ದವರಿಂದ ಅದು ಬಳಕೆಗೆ ಬಂತು. ‘ನಮ್ಮ ಸಿಬ್ಬಂದಿ ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ’ ಎಂದು ಸಂಸ್ಥೆಯೇ ಎಚ್ಚರಿಸಬೇಕಾಯಿತು. ಮೂರು ದಶಕ ಕಳೆದರೂ ಆ ಎಚ್ಚರಿಕೆಯ ಒಂದಕ್ಷರವೂ ಹಳತಾಗಿಲ್ಲ.

ಭಾರತದಲ್ಲಿ ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳು 2025ರ ಕಾಯ್ದೆಯಿಂದ ನಿಷೇಧಕ್ಕೊಳಗಾದವು. ಆದರೆ ವಂಚಕನಿಗೆ ಯಾವ ಆಟವಾದರೂ ಆದೀತು. ಅವನಿಗೆ ಬೇಕಾದದ್ದು ಮಗುವಿನ ಆಸೆ ಮತ್ತು ಅವಸರ. ಕಂಪ್ಯೂಟರ್ ಬಳಸಿ ಇನ್ನೊಬ್ಬರ ಸೋಗಿನಲ್ಲಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. 2008ರ ತಿದ್ದುಪಡಿಯಲ್ಲಿ ಸೇರಿದ ಈ ಕಲಮು ಜಾರಿಗೆ ಬಂದದ್ದು 2009ರಲ್ಲಿ.

ಕಾನೂನು ನೆರವಿಗೆ ಬರಬೇಕಾದರೆ ಯಾರಾದರೂ ದೂರು ಕೊಡಬೇಕು. ಹಣ ಹೋದೊಡನೆ 1930ಕ್ಕೆ ಕರೆ ಮಾಡಿದರೆ, ಅದು ಮುಂದಿನ ಖಾತೆಗಳಿಗೆ ಜಾರುವ ಮುನ್ನವೇ ತಡೆಹಿಡಿಯುವ ಸಾಧ್ಯತೆ ಇದೆ. ಅಪ್ಪ ಬೈದಾನೆಂದು ಹುಡುಗ ಬಾಯಿ ಬಿಡದೆ ಕುಳಿತಷ್ಟೂ ಹೊತ್ತು ವಂಚಕನಿಗೇ ಲಾಭ. ಗುರುತಿಲ್ಲದವನಿಗೆ ಹುಂಡಿಯ ಹಣ ಕೊಡದ ಪೇಟೆಯ ವಿವೇಕವನ್ನು ಮಕ್ಕಳಿಗೆ ಕಲಿಸಬೇಕು. ತಪ್ಪಿದಾಗ ಬಂದು ಹೇಳುವ ಧೈರ್ಯವನ್ನೂ ಮನೆಯೇ ಕೊಡಬೇಕು.