ಬಾಂಕ್ ದಾರ್ಗಿನ್: ಮರಳು ಮತ್ತು ಕಡಲಿನ ನಡುವಿನ ಚರಿತ್ರೆ

ಪಶ್ಚಿಮ ಆಫ್ರಿಕಾದ ಮಾರಿತಾನಿಯಾ ದೇಶದಲ್ಲಿ ಸಹರಾ ಮರುಭೂಮಿಯು ನೇರವಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ರಾಜಧಾನಿ ನೌಕ್‌ಶೋತ್ ಮತ್ತು ಉತ್ತರದ ಬಂದರು ನಗರ ನೌದಿಬು ನಡುವಿನ ಈ ಕರಾವಳಿಯಲ್ಲಿ ಬಾಂಕ್ ದಾರ್ಗಿನ್ ರಾಷ್ಟ್ರೀಯ ಉದ್ಯಾನವಿದೆ. 1976ರಲ್ಲಿ ಸ್ಥಾಪನೆಯಾದ ಇದರ ವಿಸ್ತೀರ್ಣ ಸುಮಾರು 12,000 ಚದರ ಕಿಲೋಮೀಟರ್. ಅರ್ಧ ಮರುಭೂಮಿ, ಅರ್ಧ ಕಡಲು. 1989ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿಗೆ ಹೋಗುವ ಪ್ರವಾಸಿಗರನ್ನು ಮೊದಲು ಬೆರಗುಗೊಳಿಸುವುದು ಹಕ್ಕಿಗಳು. ಚಳಿಗಾಲದಲ್ಲಿ ಉತ್ತರ ಯುರೋಪ್, ಸೈಬೀರಿಯಾ, ಗ್ರೀನ್‌ಲ್ಯಾಂಡ್‌ಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಸುಮಾರು 20 ಲಕ್ಷ ಹಕ್ಕಿಗಳು ಇಲ್ಲಿನ ಎಣಿಕೆಗಳಲ್ಲಿ ದಾಖಲಾಗಿವೆ. ಇಳಿತದ ವೇಳೆ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಅವುಗಳಿಗೆ ಹೇರಳ ಆಹಾರ ಸಿಗುತ್ತದೆ. ದ್ವೀಪಗಳಲ್ಲಿ ರಾಜಹಂಸ, ಹೆಜ್ಜಾರ್ಲೆಗಳು ಮರಿ ಮಾಡುತ್ತವೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಈ ತೀರವು ಇನ್ನೂ ಹೆಚ್ಚಿನದನ್ನು ಹೇಳುತ್ತದೆ.

ಉದ್ಯಾನದ ಅತಿ ದೊಡ್ಡ ದ್ವೀಪ ತಿದ್ರಾ. 11ನೇ ಶತಮಾನದಲ್ಲಿ ಧರ್ಮಪಂಡಿತ ಅಬ್ದುಲ್ಲಾ ಇಬ್ನ್ ಯಾಸೀನ್ ತಮ್ಮ ಕೆಲವೇ ಅನುಯಾಯಿಗಳೊಂದಿಗೆ ಒಂದು ದ್ವೀಪಕ್ಕೆ ತೆರಳಿ, ಅಲ್ಲಿ 'ರಿಬಾತ್' ಅಂದರೆ ಆರಾಧನೆ ಮತ್ತು ಶಿಕ್ಷಣದ ಕೇಂದ್ರ ಕಟ್ಟಿದರೆಂದು ಹೇಳಲಾಗುತ್ತದೆ. ಆ ದ್ವೀಪ ತಿದ್ರಾವೇ ಎಂದು ಹಲವರ ನಂಬಿಕೆ. ಅವರು ಆರಂಭಿಸಿದ ಚಳವಳಿಯಿಂದಲೇ ಅಲ್ ಮುರಾಬಿತೂನ್ ರಾಜವಂಶ ಬೆಳೆಯಿತು. ಮರ್ರಾಕೆಶ್ ನಗರವನ್ನು ಕಟ್ಟಿದ್ದು, 1086ರಲ್ಲಿ ಸ್ಪೇನಿನ ಝಲ್ಲಾಕಾ ಯುದ್ಧವನ್ನು ಗೆದ್ದದ್ದು ಈ ವಂಶವೇ. ಆದರೆ ಒಂದು ಮಾತು ಗಮನಿಸಬೇಕು. ದ್ವೀಪದ ಈ ಕಥೆ ಬರುವುದು 14ನೇ ಶತಮಾನದ ಬರಹಗಳಲ್ಲಿ. ಆ ಕಾಲಕ್ಕೆ ಹತ್ತಿರದವನಾದ, 1068ರಲ್ಲಿ ಬರೆದ ಅಲ್ ಬಕ್ರಿ ಅದನ್ನು ಹೇಳುವುದಿಲ್ಲ. ಆದ್ದರಿಂದ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ನಮಗೆ ಎಷ್ಟೇ ಪ್ರಿಯವಾದ ಕಥೆಯಾದರೂ ಆಧಾರವನ್ನು ತೂಗಿ ನೋಡುವುದೇ ಇತಿಹಾಸದ ಶಿಸ್ತು.

ನಾಲ್ಕು ಶತಮಾನಗಳ ನಂತರ ಇದೇ ದ್ವೀಪ ಒಂದು ದುರಂತಕ್ಕೆ ಸಾಕ್ಷಿಯಾಯಿತು. 1443ರಲ್ಲಿ ಪೋರ್ಚುಗೀಸರು ಅರ್ಗಿನ್ ದ್ವೀಪವನ್ನು ತಲುಪಿದರು. ಮರುವರ್ಷವೇ ಅವರ ಹಡಗುಗಳು ತಿದ್ರಾ ಮತ್ತು ನೆರೆಯ ದ್ವೀಪದ ಜನರ ಮೇಲೆ ಬಿದ್ದು, ಸೆರೆ ಹಿಡಿದವರನ್ನು ಪೋರ್ಚುಗಲ್‌ನ ಲಾಗೋಸ್ ಬಂದರಿಗೆ ಸಾಗಿಸಿದವು. 1444ರ ಆಗಸ್ಟ್ 8ರಂದು 235 ಮಂದಿಯನ್ನು ಬಯಲಿನಲ್ಲಿ ನಿಲ್ಲಿಸಿ ಹಂಚಲಾಯಿತು. ರಾಜಕುಮಾರ ಹೆನ್ರಿಯ ಪಾಲಿಗೆ 46 ಮಂದಿ ಬಂದರು. ತಾಯಂದಿರಿಂದ ಮಕ್ಕಳನ್ನು ಬೇರ್ಪಡಿಸಿದ ದೃಶ್ಯವನ್ನು ಆ ರಾಜಕುಮಾರನನ್ನು ಹೊಗಳಿ ಬರೆದ ಝುರಾರಾ ಎಂಬ ಪೋರ್ಚುಗೀಸ್ ಚರಿತ್ರೆಕಾರನೇ ದಾಖಲಿಸಿದ್ದಾನೆ. ಬಳಿಕ ಅರ್ಗಿನ್‌ನಲ್ಲಿ ಕೋಟೆ ಎದ್ದಿತು. ಗುಲಾಮರ ವ್ಯಾಪಾರಕ್ಕೆ, ಮುಂದೆ ಅರಬಿಕ್ ಗೋಂದಿನ ವ್ಯಾಪಾರಕ್ಕೆ, ಡಚ್ಚರು, ಬ್ರಾಂಡೆನ್‌ಬರ್ಗಿನವರು, ಫ್ರೆಂಚರು ಆ ಕೋಟೆಗಾಗಿ ಕಾದಾಡಿದರು.

ಇಲ್ಲಿನ ಆಳವಿಲ್ಲದ ಕಡಲು ಅಹಂಕಾರಿಗಳಿಗೆ ಪಾಠವನ್ನೂ ಕಲಿಸಿದೆ. 1816ರ ಜುಲೈ 2ರಂದು ಅನುಭವವಿಲ್ಲದ ನಾಯಕನ ಕೈಯಲ್ಲಿದ್ದ ಫ್ರೆಂಚ್ ಹಡಗು 'ಮೆದೂಸ್' ಈ ಮರಳ ದಿಬ್ಬಕ್ಕೆ ಸಿಕ್ಕಿಕೊಂಡಿತು. ತೆಪ್ಪವೊಂದರಲ್ಲಿ ಬಿಟ್ಟುಹೋದ 147 ಮಂದಿಯಲ್ಲಿ 13 ದಿನಗಳ ನಂತರ ಜೀವಂತ ಸಿಕ್ಕವರು 15 ಮಂದಿ ಮಾತ್ರ.

ಕೋಟೆ ಅಳಿಯಿತು, ಹಡಗುಗಳು ಹೋದವು. ಉಳಿದವರು ಮೀನುಗಾರರು. ಇಮ್ರಾಗೆನ್ ಎಂದು ಕರೆಯಲಾಗುವ ಇವರು ಹಿಂದೆ ದಂಡದಿಂದ ನೀರಿಗೆ ಬಡಿಯುತ್ತಿದ್ದರು. ಆ ಸದ್ದಿಗೆ ಡಾಲ್ಫಿನ್‌ಗಳು ಬಂದು ಮಲ್ಲೆಟ್ ಮೀನಿನ ಹಿಂಡನ್ನು ದಡದತ್ತ ಅಟ್ಟುತ್ತಿದ್ದವು. ಬಲೆ ಹಿಡಿದು ನೀರಿಗಿಳಿದ ಗಂಡಸರಿಗೂ ಡಾಲ್ಫಿನ್‌ಗಳಿಗೂ ಮೀನು ಸಿಗುತ್ತಿತ್ತು. ಮೀನನ್ನು ಒಣಗಿಸುವುದು, ಅದರ ಮೊಟ್ಟೆಗೆ ಉಪ್ಪು ಹಾಕಿ ಕಾಪಿಡುವುದು ಹೆಂಗಸರ ಕೆಲಸ.

ಉದ್ಯಾನವನ್ನು ರೂಪಿಸಿದವರು ಈ ಜನರನ್ನು ಹೊರಗಟ್ಟಲಿಲ್ಲ. ಉದ್ಯಾನದೊಳಗೆ ಮೀನು ಹಿಡಿಯುವ ಹಕ್ಕು ಅವರಿಗೇ ಉಳಿಯಿತು. ಷರತ್ತು ಒಂದೇ: ಹಾಯಿದೋಣಿ ಮಾತ್ರ, ಯಂತ್ರದ ದೋಣಿ ಕೂಡದು. ಹಾಗೆಂದು ಎಲ್ಲವೂ ಸರಿಯಾಗಿತ್ತು ಎನ್ನುವಂತಿಲ್ಲ. 20ನೇ ಶತಮಾನದ ಕೊನೆಯಲ್ಲಿ ಹೊರಗಿನ ವ್ಯಾಪಾರಿಗಳ ಬೇಡಿಕೆಯಿಂದ ಇವರೂ ಶಾರ್ಕ್, ತೊರಕೆ ಮೀನುಗಳ ಬೇಟೆಗೆ ಇಳಿದರು. ಮೀನು ಕಡಿಮೆಯಾಯಿತು. ಕೊನೆಗೆ 2003ರಲ್ಲಿ ಆ ಬೇಟೆಯನ್ನು ನಿಲ್ಲಿಸಲು ಒಪ್ಪಂದವಾಯಿತು, ಅದಕ್ಕೆ ಬಳಸುವ ಬಲೆಗಳನ್ನು ಕೈಬಿಡಲಾಯಿತು. ತಪ್ಪನ್ನು ಅರಿತು ತಿದ್ದಿಕೊಳ್ಳುವ ಸಮಾಜಕ್ಕೇ ಪರಂಪರೆಯನ್ನು ಕಾಯಲು ಸಾಧ್ಯ.

ವಿದ್ಯಾರ್ಥಿ ಮಿತ್ರರೇ, ರಾಜರು ಮತ್ತು ಕೋಟೆಗಳ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಲಾಗೋಸ್‌ನ ಬಯಲಿನಲ್ಲಿ ನಿಂತಿದ್ದ ಆ 235 ಮಂದಿಯಲ್ಲಿ ಒಬ್ಬರ ಹೆಸರೂ ನಮ್ಮ ಪಠ್ಯಗಳಲ್ಲಿಲ್ಲ. ಒಮ್ಮೆ ಮನುಷ್ಯರನ್ನೇ ಬೇಟೆಯಾಡಿದ ತೀರದಲ್ಲಿ ಇಂದು ಹಕ್ಕಿಗೂ ಮೀನಿಗೂ ರಕ್ಷಣೆಯಿದೆ. ಅದರ ಕಾವಲಿನಲ್ಲಿ ಅಲ್ಲಿನ ಬಡ ಮೀನುಗಾರರಿಗೂ ಪಾಲಿದೆ. ಇಂತಹ ಸ್ಥಳಗಳಿಗೆ ಹೋದಾಗ ಕಣ್ಣಿಗೆ ಕಾಣುವ ಸೊಬಗಿನೊಂದಿಗೆ, ಹೆಸರು ಉಳಿಯದೆ ಹೋದ ಆ ಜನರನ್ನೂ ನೆನೆಯೋಣ.