ಒಂದಕ್ಷರದ ಲೆಕ್ಕ

1904ರ ಕೊನೆಯಲ್ಲಿ ಕೆರಿಬಿಯನ್ ದ್ವೀಪ ಗ್ರೆನಡಾದ ಯುವಕನೊಬ್ಬ ಶಿಕಾಗೋದ ಆಸ್ಪತ್ರೆ ಸೇರಿದ. ಅವನು ದಂತವೈದ್ಯಕೀಯ ಓದುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿರಬೇಕಾದ ಅವನ ಕೆಂಪು ರಕ್ತಕಣಗಳಲ್ಲಿ ಕೆಲವು ಕುಡುಗೋಲಿನಂತೆ ಬಾಗಿದ್ದವು. ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದರು. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತವೆ. ಬೇಗ ಒಡೆದು ರಕ್ತಹೀನತೆ ತರುತ್ತವೆ. ಕಾಯಿಲೆಗೆ ಸಿಕಲ್ ಸೆಲ್ ಎಂಬ ಹೆಸರು ಬಂತು.

ತಪ್ಪು ಎಲ್ಲಿದೆ ಎಂದು ತಿಳಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಈ ರೋಗಿಗಳ ಹಿಮೋಗ್ಲೋಬಿನ್ನೇ ಬೇರೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. 1957ರ ಹೊತ್ತಿಗೆ ಕೇಂಬ್ರಿಜ್‌ನ ವರ್ನನ್ ಇಂಗ್ರಮ್ ಇನ್ನೂ ಒಳಹೊಕ್ಕು ನೋಡಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅದರಲ್ಲಿ ಬದಲಾಗಿದ್ದು ಒಂದೇ, ಆರನೆಯದು: ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲಿನ್.

ಅದರ ಬೇರು ಡಿಎನ್‌ಎಯಲ್ಲಿದೆ. ಡಿಎನ್‌ಎ ಎರಡೆಳೆಯ ಸುರುಳಿ ಏಣಿ. ಪ್ರತಿ ಮೆಟ್ಟಿಲಲ್ಲೂ ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಒಂದು ಎಳೆಯ ಮೂರು ಅಕ್ಷರ ಸೇರಿದರೆ ಒಂದು ಅಮೈನೋ ಆಮ್ಲಕ್ಕೆ ಸೂಚನೆ. ಇಲ್ಲಿ ಜಿಎಜಿ ಇರಬೇಕಾದಲ್ಲಿ ಜಿಟಿಜಿ ಆಗಿದೆ. ಒಂದೇ ಮೆಟ್ಟಿಲು ತಿರುಗುಮುರುಗು.

ಇಷ್ಟು ಕಾಡುವ ಜೀನ್ ಅಳಿದುಹೋಗಬೇಕಿತ್ತಲ್ಲವೇ? ಉತ್ತರದ ಮೊದಲರ್ಧ 1908ರಲ್ಲೇ ಸಿದ್ಧವಿತ್ತು. ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ, ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ಲೆಕ್ಕ ಅದು. ಒಂದು ಜನಸಮುದಾಯದಲ್ಲಿ ಈ ಜೀನಿನ ಹತ್ತು ಪ್ರತಿಗಳಲ್ಲಿ ಒಂದು ಬದಲಾದದ್ದು ಎನ್ನಿ. ಹುಟ್ಟುವ 100 ಮಕ್ಕಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದು ರೋಗಿಯಾಗುವುದು ಒಂದು ಮಗು. ಒಬ್ಬರಿಂದ ಮಾತ್ರ ಪಡೆದ ವಾಹಕರು 18. ಉಳಿದ 81 ಮಕ್ಕಳಲ್ಲಿ ಅದು ಇಲ್ಲ. ಅಂದರೆ ಬದಲಾದ 20 ಪ್ರತಿಗಳಲ್ಲಿ 18 ಇರುವುದು ಸಾಮಾನ್ಯವಾಗಿ ಆರೋಗ್ಯವಾಗಿರುವವರ ಮೈಯಲ್ಲಿ.

ಉಳಿದರ್ಧವನ್ನು 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಿಂದ ತಂದರು. ವಾಹಕರಿಗೆ ಮಲೇರಿಯಾದಿಂದ ರಕ್ಷಣೆಯಿತ್ತು. ಒಂದೆಡೆ ರೋಗ ಈ ಅಕ್ಷರವನ್ನು ಅಳಿಸುತ್ತಿದ್ದರೆ, ಇನ್ನೊಂದೆಡೆ ಮಲೇರಿಯಾ ಅದನ್ನು ಉಳಿಸುತ್ತಿತ್ತು.

ಭಾರತದಲ್ಲಿ ಇದು ಬೆಳಕಿಗೆ ಬಂದದ್ದು 1952ರಲ್ಲಿ. ಲೇಮನ್ ಮತ್ತು ಕಟ್‌ಬುಷ್ ಅದನ್ನು ನೀಲಗಿರಿಯ ಬುಡಕಟ್ಟು ಜನರಲ್ಲಿ ಕಂಡರು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕಾರ್ಮಿಕರಲ್ಲೂ ಕಂಡುಬಂತು. 2047ರೊಳಗೆ ರೋಗವನ್ನು ಇಲ್ಲವಾಗಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಬುಡಕಟ್ಟು ಪ್ರದೇಶಗಳ ಏಳು ಕೋಟಿ ಜನರ ರಕ್ತಪರೀಕ್ಷೆ ಅದರ ಭಾಗ.

ಪರೀಕ್ಷೆ ಮಾಡಿಸಿದರೆ ವಾಹಕರು ಯಾರೆಂದು ಗೊತ್ತಾಗುತ್ತದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ಕೈಗೆ ಬಂದ ಚೀಟಿ ನೋಡಿ ಹೆಣ್ಣನ್ನೋ ಗಂಡನ್ನೋ, ಇಡೀ ಕುಲವನ್ನೋ ಕೆಟ್ಟ ರಕ್ತದವರು ಎಂದು ಹೀಗಳೆಯುವವರು ಈ ಚರಿತ್ರೆಯನ್ನು ಅರ್ಧ ಮಾತ್ರ ಓದಿದವರು. ಮಲೇರಿಯಾದ ಕಾಡಿನಲ್ಲಿ ಎಷ್ಟೋ ಮಕ್ಕಳು ಬದುಕಿ ದೊಡ್ಡವರಾದದ್ದು ಇದೇ ಅಕ್ಷರದಿಂದ.